ಗ್ರೀಕ್ ದ್ವೀಪಗಳ ಊಟ, ಅರ್ಧ ಕಿಲೋ ವೈನ್ ಮತ್ತು ನಮ್ಮ ಮಾತ್ರೆ ಡಬ್ಬಿ



ಈ ಸಲದ ವಿಷಯ ಕೆಲವರಿಗೆ ದೂರದ್ದು ಅನ್ನಿಸಬಹುದು. ಆದರೆ ಮುಂಬೈ, ಪುಣೆ, ಹೈದರಾಬಾದ್ ಕಡೆಯ ನಮ್ಮ ಮನೆಗಳಲ್ಲಿ ಮಕ್ಕಳು ಸೇರಿ ಅಪ್ಪ ಅಮ್ಮನನ್ನು ವಿದೇಶಕ್ಕೆ ಕರೆದುಕೊಂಡು ಹೋಗುವುದು ಈಗ ಅಪರೂಪವಲ್ಲ. ಸಿಂಗಪುರ, ದುಬೈ ಮುಗಿದ ಮೇಲೆ ಕೆಲವರು ಗ್ರೀಸ್‌ಗೆ ಹೋಗಿ, ಎರಡು ಮೂರು ಕುಟುಂಬ ಕೂಡಿ, ಕ್ಯಾಪ್ಟನ್ ಸಮೇತ ಒಂದು ಯಾಟ್ ಬಾಡಿಗೆ ಹಿಡಿದು, ವಾರವಿಡೀ ದ್ವೀಪದಿಂದ ದ್ವೀಪಕ್ಕೆ ಸುತ್ತುತ್ತಾರೆ. ಹಗಲೆಲ್ಲ ಹಾಯಿ, ಈಜು. ಸಂಜೆ ಯಾವುದಾದರೂ ಪುಟ್ಟ ಬಂದರಿನಲ್ಲಿ ಲಂಗರು, ದಡದ ಮೇಲಿನ ತವೆರ್ನಾದಲ್ಲಿ ಊಟ. ತವೆರ್ನಾ ಎಂದರೆ ದೊಡ್ಡ ಹೋಟೆಲಲ್ಲ. ಮನೆಮಂದಿಯೇ ನಡೆಸುವ, ನಮ್ಮ ಖಾನಾವಳಿಯಂಥ ಜಾಗ.

ಹೊರಡುವ ಮುಂಚೆ ಎಲ್ಲರೂ ಕೇಳುವುದು ಎರಡೇ ಪ್ರಶ್ನೆ. "ನಮ್ಮಂಥ ಸಸ್ಯಾಹಾರಿಗಳಿಗೆ ಅಲ್ಲಿ ಏನು ಸಿಗುತ್ತೆ, ಬ್ರೆಡ್ಡು ಬೆಣ್ಣೆನಾ?" ಎಂಬುದು ಅಮ್ಮಂದಿರ ಪ್ರಶ್ನೆ. "ಅಲ್ಲಿಯವರು ವೈನ್ ಕುಡಿದೇ ಗಟ್ಟಿಯಾಗಿರ್ತಾರಂತೆ, ಹಾರ್ಟಿಗೆ ಒಳ್ಳೇದಂತೆ, ಶುಗರ್ ಇದ್ರೂ ಒಂದೆರಡು ಗ್ಲಾಸ್ ನಡೆಯುತ್ತಲ್ವಾ?" ಎಂಬುದು ಅಪ್ಪಂದಿರದು. ಮೊದಲನೆಯದಕ್ಕೆ ಉತ್ತರ: ಹೊಟ್ಟೆ ತುಂಬ ಸಿಗುತ್ತದೆ, ಅದೂ ನಮ್ಮ ಅಡುಗೆಗೆ ತುಂಬ ಹತ್ತಿರದ್ದು. ಎರಡನೆಯದಕ್ಕೆ ಉತ್ತರ ನಿಮ್ಮ ಮಾತ್ರೆ ಡಬ್ಬಿಯಲ್ಲಿದೆ. ಅದನ್ನು ತೆರೆದು ನೋಡದೆ ಗ್ಲಾಸ್ ಎತ್ತಬೇಡಿ.

*ಆ ದ್ವೀಪಗಳಿಗೆ ಹೆಸರು ಬಂದದ್ದು ಯಾವುದರಿಂದ?*

1958ರಲ್ಲಿ ಅಮೆರಿಕದ ವಿಜ್ಞಾನಿ ಆನ್ಸೆಲ್ ಕೀಸ್ ಏಳು ದೇಶಗಳಲ್ಲಿ ಒಂದು ದೊಡ್ಡ ಅಧ್ಯಯನ ಆರಂಭಿಸಿದರು. 40ರಿಂದ 59 ವರ್ಷದ ಗಂಡಸರು ಏನು ತಿನ್ನುತ್ತಾರೆ, ಯಾವ ದೇಶದಲ್ಲಿ ಎಷ್ಟು ಜನ ಹೃದಯದ ಕಾಯಿಲೆಯಿಂದ ಸಾಯುತ್ತಾರೆ ಎಂದು ವರ್ಷಗಟ್ಟಲೆ ಲೆಕ್ಕ ಇಟ್ಟರು. ಗ್ರೀಸ್‌ನಿಂದ ಆರಿಸಿಕೊಂಡದ್ದು ಎರಡು ದ್ವೀಪಗಳನ್ನು: ಕ್ರೀಟ್ ಮತ್ತು ಕಾರ್ಫು. ಕ್ರೀಟ್‌ನ ಹಳ್ಳಿಗರಲ್ಲಿ ಹೃದಯಾಘಾತದ ಸಾವು ಎಲ್ಲರಿಗಿಂತ ಕಡಿಮೆ ಕಂಡುಬಂತು. ವಿಚಿತ್ರವೆಂದರೆ ಅವರು ತಿನ್ನುತ್ತಿದ್ದ ಕೊಬ್ಬು ಕಡಿಮೆಯೇನಿರಲಿಲ್ಲ; ದಿನದ ಶಕ್ತಿಯಲ್ಲಿ ಸುಮಾರು 40 ಶೇಕಡಾ ಕೊಬ್ಬಿನಿಂದಲೇ ಬರುತ್ತಿತ್ತು. ಆದರೆ ಅದರಲ್ಲಿ ಹೆಚ್ಚಿನ ಪಾಲು ಆಲಿವ್ ಎಣ್ಣೆ. ಅದರ ಜೊತೆಗೆ ಕಾಳು, ಸೊಪ್ಪು, ಹಣ್ಣು, ಒರಟು ಹಿಟ್ಟಿನ ಬ್ರೆಡ್ಡು. ಮಾಂಸ ಅಪರೂಪಕ್ಕೆ. ಮತ್ತೆ ದಿನವಿಡೀ ಗುಡ್ಡದ ಹೊಲದಲ್ಲಿ ದುಡಿತ.

ಈ ಕೊನೆಯ ಮಾತನ್ನು ಪ್ರವಾಸದ ಜಾಹೀರಾತುಗಳು ಹೇಳುವುದಿಲ್ಲ. ಅಂದಿನ ಕ್ರೀಟ್ ಯುದ್ಧದಿಂದ ಚೇತರಿಸಿಕೊಳ್ಳುತ್ತಿದ್ದ ಬಡ ನಾಡು. ಆ ಊಟ ಯಾರೋ ವೈದ್ಯರು ಬರೆದುಕೊಟ್ಟ ಪಥ್ಯವಲ್ಲ, ಹೊಲದಲ್ಲಿ ಬೆಳೆದದ್ದು ಮತ್ತು ಬೇಲಿ ಪಕ್ಕ ಚಿಗುರಿದ್ದು. ಇಂದು ಅದೇ ಗ್ರೀಸ್, ಇಟಲಿ, ಸ್ಪೇನ್, ಸೈಪ್ರಸ್ ದೇಶಗಳು ಯುರೋಪಿನಲ್ಲಿ ಮಕ್ಕಳ ಬೊಜ್ಜು ಹೆಚ್ಚಿರುವ ದೇಶಗಳ ಸಾಲಿನಲ್ಲಿವೆ. ಸಮುದ್ರ ಅದೇ, ಗಾಳಿ ಅದೇ, ತಟ್ಟೆ ಮಾತ್ರ ಬದಲಾಗಿದೆ. ಹಾಗಾಗಿ ಯಾಟ್‌ನಿಂದ ಇಳಿದು ಬಂದರಿನ ಮೊದಲ ಅಂಗಡಿಯಲ್ಲೇ ಪಿಜ್ಜಾ, ಫ್ರೆಂಚ್ ಫ್ರೈಸ್, ಕೋಲಾ ತೆಗೆದುಕೊಂಡರೆ ನೀವು ತಿಂದದ್ದು ದ್ವೀಪದ ಊಟವಲ್ಲ, ಅಂಧೇರಿಯ ಮಾಲ್‌ನ ಊಟ.

ಆಹಾರದ ಲಾಭಕ್ಕೆ ಇನ್ನೂ ಗಟ್ಟಿ ಸಾಕ್ಷಿ ಸ್ಪೇನ್‌ನಿಂದ ಬಂತು. ಹೃದಯಕಾಯಿಲೆಯ ಅಪಾಯ ಹೆಚ್ಚಿದ್ದ 7,447 ಜನರ ಮೇಲೆ ನಡೆದ 'ಪ್ರೆಡಿಮೆಡ್' ಅಧ್ಯಯನ ಅದು. ಆಲಿವ್ ಎಣ್ಣೆ ಅಥವಾ ಬಾದಾಮಿ, ಅಖರೋಟುಗಳ ಜೊತೆ ಮೆಡಿಟರೇನಿಯನ್ ಊಟ ಮಾಡಿದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಇತ್ಯಾದಿ ಒಟ್ಟು ಸುಮಾರು 30 ಶೇಕಡಾ ಕಡಿಮೆಯಾಯಿತು. 2013ರಲ್ಲಿ ಬಂದ ಈ ವರದಿಯಲ್ಲಿ ಜನರನ್ನು ಗುಂಪುಗಳಾಗಿ ಹಂಚಿದ ರೀತಿಯಲ್ಲಿ ಲೋಪ ಸಿಕ್ಕಿ, 2018ರಲ್ಲಿ ಅದನ್ನು ಹಿಂಪಡೆದು ಮರುಲೆಕ್ಕ ಹಾಕಿ ಪ್ರಕಟಿಸಿದರು. ಫಲಿತಾಂಶ ಹೆಚ್ಚುಕಡಿಮೆ ಹಾಗೇ ಉಳಿಯಿತು. ಇಲ್ಲಿ ಗಮನಿಸಬೇಕಾದ್ದು: ಆ ಅಧ್ಯಯನದಲ್ಲಿ ಮನೆಗೆ ಉಚಿತವಾಗಿ ಕಳಿಸಿದ್ದು ಎಣ್ಣೆ ಮತ್ತು ಬೀಜಗಳನ್ನು. ವೈನನ್ನು ಯಾರಿಗೂ ಹಂಚಲಿಲ್ಲ.

*ತವೆರ್ನಾದಲ್ಲಿ ಏನು ಕೇಳಬೇಕು*

ಮೊದಲು ಸೊಪ್ಪು. ಮೆನುವಿನಲ್ಲಿ 'ಹೋರ್ತಾ' ಎಂದಿರುತ್ತದೆ. ಬೇಯಿಸಿದ ಬೆರಕೆ ಸೊಪ್ಪಿನ ಮೇಲೆ ಆಲಿವ್ ಎಣ್ಣೆ, ನಿಂಬೆರಸ; ಅಷ್ಟೇ. ಬೇಸಿಗೆಯಲ್ಲಿ ಹೋದರೆ ಸಾಮಾನ್ಯವಾಗಿ ಸಿಗುವುದು 'ವ್ಲೀತಾ'. ಒಂದು ತುತ್ತು ತಿಂದ ಕೂಡಲೇ ಗುರುತು ಹತ್ತುತ್ತದೆ, ಏಕೆಂದರೆ ಅದು ನಮ್ಮ ದಂಟು, ಹರಿವೆ, ಕೀರೆ ಸೊಪ್ಪಿನ ಜಾತಿಯದೇ. ಸಲಾಡ್‌ನಲ್ಲಿ 'ಗ್ಲಿಸ್ತ್ರಿದಾ' ಎಂಬ ದಪ್ಪ ಎಲೆಯ ಹುಳಿ ಸೊಪ್ಪು ಹಾಕುತ್ತಾರೆ. ಅದು ಗೋಣಿ ಸೊಪ್ಪು. ಪುಣೆಯ ಮಂಡಿಯಲ್ಲಿ ಘೋಳ್ ಎಂದು, ಚೆನ್ನೈಯಲ್ಲಿ ಪರುಪ್ಪು ಕೀರೈ ಎಂದು, ಹೈದರಾಬಾದಿನಲ್ಲಿ ಗಂಗವಾಯಿಲಿ ಕೂರ ಎಂದು ನೀವು ಕೊಂಡಿರಬಹುದು. ಸಸ್ಯಗಳಲ್ಲಿ ಸಿಗುವ ಒಮೇಗಾ-3 ಕೊಬ್ಬಿನಾಂಶ ಇರುವ ಕೆಲವೇ ಸೊಪ್ಪುಗಳಲ್ಲಿ ಇದೂ ಒಂದು. ಅಲ್ಲಿ ಅದಕ್ಕೆ ಹಣ ಕೊಟ್ಟು ಹೊಗಳಿ ತಿನ್ನುವ ನಾವು, ಇಲ್ಲಿ ಹತ್ತು ರೂಪಾಯಿ ಕಟ್ಟನ್ನು ಕಳೆ ಎಂದು ಬಿಟ್ಟು ಬರುತ್ತೇವೆ.

ಆಮೇಲೆ ಬೇಳೆ. ಸಾಂಟೊರಿನಿ ದ್ವೀಪದ 'ಫಾವಾ' ಎಂದರೆ ಹಳದಿ ಬೇಳೆಯನ್ನು ಮೆತ್ತಗೆ ಬೇಯಿಸಿ ಕಡೆದು, ಮೇಲೆ ಹಸಿ ಈರುಳ್ಳಿ, ಎಣ್ಣೆ, ನಿಂಬೆ ಹಾಕಿ ಕೊಡುವುದು. ಒಗ್ಗರಣೆ ಇಲ್ಲದ ಗಟ್ಟಿ ತೊವ್ವೆ ಎಂದುಕೊಳ್ಳಿ. ಇದು ನಮ್ಮ ಕೇಸರಿ ಬೇಳೆಯ ಕುಲದ ಕಾಳು. ಕೇಸರಿ ಬೇಳೆ ಎಂದರೆ ಕಾಲು ಸೆಟೆದುಕೊಳ್ಳುವ ಕಾಯಿಲೆ ನೆನಪಾಗಿ ಹಿರಿಯರು ಹೆದರಬಹುದು. ಆ ಕಾಯಿಲೆ ಬಂದದ್ದು ಬರಗಾಲದಲ್ಲಿ ಬೇರೇನೂ ಇಲ್ಲದೆ ತಿಂಗಳುಗಟ್ಟಲೆ ಅದನ್ನೇ ತಿಂದವರಿಗೆ. ರಜೆಯಲ್ಲಿ ಒಂದೆರಡು ಬಟ್ಟಲು ತಿಂದರೆ ಚಿಂತೆ ಇಲ್ಲ.

ಸಿಫ್ನೋಸ್ ದ್ವೀಪ ನಿಮ್ಮ ದಾರಿಯಲ್ಲಿದ್ದರೆ, ಅಲ್ಲಿ ಭಾನುವಾರ ಇರುವಂತೆ ಕ್ಯಾಪ್ಟನ್ ಜೊತೆ ಮೊದಲೇ ಮಾತಾಡಿ. ಅಲ್ಲಿನ ಮನೆಗಳಲ್ಲಿ ಶನಿವಾರ ರಾತ್ರಿ ಮಣ್ಣಿನ ಗಡಿಗೆಗೆ ಕಾಬೂಲಿ ಕಡಲೆ, ಈರುಳ್ಳಿ, ಎಣ್ಣೆ, ನೀರು ತುಂಬಿ ಸೌದೆ ಒಲೆಯ ಗೂಡಿಗೆ ಇಡುತ್ತಾರೆ. ರಾತ್ರಿಯಿಡೀ ಬೆಂದದ್ದನ್ನು ಭಾನುವಾರ ಚರ್ಚಿನಿಂದ ಬಂದು ತಿನ್ನುತ್ತಾರೆ. ಹೆಸರು 'ರೆವಿಥಾದಾ'. ಅದೇ ಕಡಲೆಯಿಂದ ಕರಿದ ವಡೆ ಕೂಡ ಸಿಗುತ್ತದೆ. ಇನ್ನು ಟೊಮೆಟೊ ಜೊತೆ ಬೇಯಿಸಿದ ದೊಡ್ಡ ಬಿಳಿ ಅವರೆಯಂಥ ಕಾಳು 'ಗಿಗಾಂತೆಸ್', ಎಣ್ಣೆಯಲ್ಲಿ ಬಾಡಿಸಿದ ಬೆಂಡೆಕಾಯಿ 'ಬಾಮಿಯೆಸ್', ಅನ್ನ ಮತ್ತು ಸಬ್ಬಸಿಗೆ ಸೊಪ್ಪನ್ನು ದ್ರಾಕ್ಷಿ ಎಲೆಯಲ್ಲಿ ಸುತ್ತಿದ 'ದೊಲ್ಮಾದೆಸ್'. ಇದನ್ನು ಕಂಡರೆ ಕರಾವಳಿಯವರಿಗೆ ಪತ್ರೊಡೆ ನೆನಪಾಗದೆ ಇರದು. ಕ್ರೀಟ್‌ನಲ್ಲಿ ಜವೆಗೋಧಿಯ ಕಲ್ಲಿನಂಥ ರಸ್ಕ್ ಕೊಡುತ್ತಾರೆ, ನಮ್ಮ ಖಡಕ್ ರೊಟ್ಟಿಯ ಹಾಗೆ ತಿಂಗಳಾದರೂ ಕೆಡದು. ಅದನ್ನು ನೀರಿನಲ್ಲಿ ಅದ್ದಿ, ಮೇಲೆ ಟೊಮೆಟೊ, ಮೆತ್ತನೆ ಚೀಸ್ ಹರಡಿದರೆ 'ದಾಕೋಸ್'. ಯಾಟ್‌ನ ಎರಡು ಒಲೆಯ ಅಡುಗೆಮನೆಯಲ್ಲಿ ಬೆಂಕಿ ಹಚ್ಚದೆ ಮಾಡಬಹುದಾದ ಮಧ್ಯಾಹ್ನದ ಊಟ ಇದು. ಅಲೆ ಇರುವ ದಿನ ಕುದಿಯುವ ಸಾರಿನ ಪಾತ್ರೆಯ ಸಹವಾಸವೇ ಬೇಡ.

ಒಂದು ಪದ ಬಾಯಿಪಾಠ ಮಾಡಿಕೊಳ್ಳಿ: 'ನಿಸ್ತೀಸಿಮೋ'. ಉಪವಾಸಕ್ಕೆ ಆಗುವ ಊಟ ಎಂದರ್ಥ. ಗ್ರೀಕ್ ಚರ್ಚಿನ ವ್ರತಗಳಲ್ಲಿ ಮಾಂಸ, ಹಾಲು, ಮೊಟ್ಟೆ ಬಿಡುತ್ತಾರೆ. ಎಲ್ಲ ಕೂಡಿದರೆ ವರ್ಷದಲ್ಲಿ ಅರ್ಧದಷ್ಟು ದಿನ ವ್ರತವೇ ಆಗುತ್ತದೆ. ಆಗಸ್ಟ್ 1ರಿಂದ 14ರವರೆಗೂ ಒಂದು ವ್ರತವಿದೆ. ಆ ದಿನಗಳಲ್ಲಿ ಹೋದವರಿಗೆ ಸುಗ್ಗಿ. ಆದರೆ ಎಚ್ಚರ: ಈ ವ್ರತದ ಊಟದಲ್ಲಿ ಸೀಗಡಿ, ಆಕ್ಟೋಪಸ್ ನಡೆಯುತ್ತವೆ. ರಕ್ತವಿಲ್ಲದ ಪ್ರಾಣಿ ಎಂಬ ಲೆಕ್ಕ ಅವರದು. ಆದ್ದರಿಂದ 'ಹೋರಿಸ್ ಕ್ರೇಯಾಸ್, ಹೋರಿಸ್ ಪ್ಸಾರಿ' (ಮಾಂಸ ಬೇಡ, ಮೀನು ಬೇಡ) ಎಂದು ಹೇಳಿ, ಸೀಗಡಿಯೂ ಬೇಡವೆಂದು ಬೇರೆಯಾಗಿ ಹೇಳಿ. ತುಂಬಿದ ಟೊಮೆಟೊ, ದೊಲ್ಮಾದೆಸ್‌ಗಳಲ್ಲಿ ಕೆಲವು ಕಡೆ ಖೀಮಾ ಇರುತ್ತದೆ, ಕೇಳಿಯೇ ತಿನ್ನಿ. ಫೆಟಾ ಚೀಸ್ ಮಾಡಲು ಸಾಮಾನ್ಯವಾಗಿ ಕರು ಅಥವಾ ಕುರಿಮರಿಯ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಕಟ್ಟುನಿಟ್ಟಿನವರು ಮೊಸರಿಗೆ ನಿಂತುಬಿಡುವುದು ಒಳ್ಳೆಯದು. ಅಲ್ಲಿನ ಗಟ್ಟಿ ಮೊಸರು ಹೇಗೂ ಚೆನ್ನಾಗಿರುತ್ತದೆ.

ಮೀನು ತಿನ್ನುವವರು ಸುಟ್ಟ ಸಾರ್ಡೀನ್ ಕೇಳಿ. ಬೂತಾಯಿಯ ನೆಂಟನೇ. ಬೆಲೆಯೂ ಕಡಿಮೆ, ಒಮೇಗಾ-3 ಹೆಚ್ಚು. ದೊಡ್ಡ ಮೀನಿನ ದರ ಕಿಲೋ ಲೆಕ್ಕದಲ್ಲಿರುತ್ತದೆ, ತೂಕ ಮಾಡಿಸಿ ಬೆಲೆ ಕೇಳಿದ ಮೇಲೆಯೇ ಒಲೆಗೆ ಹೋಗಲಿ.

*ಈ ಊಟದಲ್ಲೂ ಯಾರಿಗೆ ಏನು ಆಗದು*

ಬಿ.ಪಿ. ಇರುವವರಿಗೆ ಉಪ್ಪು. 100 ಗ್ರಾಂ ಫೆಟಾದಲ್ಲಿ ಸುಮಾರು 2ರಿಂದ 3 ಗ್ರಾಂ ಉಪ್ಪಿರುತ್ತದೆ. ಇಡೀ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಗ್ರೀಕ್ ಸಲಾಡ್ ಮೇಲೆ ಇಡುವ ಚೀಸ್ ತುಂಡನ್ನು ನಾಲ್ಕು ಜನ ಹಂಚಿಕೊಳ್ಳಿ. ಆಲಿವ್ ಕಾಯಿ, ಕೇಪರ್ ಮೊಗ್ಗು ಎಲ್ಲವೂ ಉಪ್ಪಿನಕಾಯಿಯೇ ಎಂದು ತಿಳಿಯಿರಿ.

ರಕ್ತ ತೆಳುವಾಗಲು ವಾರ್ಫರಿನ್ ಅಥವಾ ಅಸಿಟ್ರೋಮ್ ತೆಗೆದುಕೊಳ್ಳುವವರು ಸೊಪ್ಪನ್ನು ಒಮ್ಮೆಲೇ ಹೆಚ್ಚಿಸಬಾರದು. ಸೊಪ್ಪಿನ ವಿಟಮಿನ್ ಕೆ ಆ ಮಾತ್ರೆಯ ಕೆಲಸಕ್ಕೆ ಅಡ್ಡ ಬರುತ್ತದೆ. ಮನೆಯಲ್ಲಿ ಎಷ್ಟು ತಿನ್ನುತ್ತಿದ್ದಿರೋ ಅಷ್ಟೇ ಅಲ್ಲೂ ತಿನ್ನಿ. ಕಿಡ್ನಿಯಲ್ಲಿ ಕಲ್ಲಾಗಿದ್ದವರಿಗೆ ದಂಟು, ಗೋಣಿ ಸೊಪ್ಪಿನ ಆಕ್ಸಲೇಟ್ ಒಂದು ಕಡೆ, ಬಿಸಿಲಿನಲ್ಲಿ ನೀರು ಕುಡಿಯದೆ ಇರುವುದು ಇನ್ನೊಂದು ಕಡೆ. ಎರಡೂ ಸೇರಿದರೆ ಕಷ್ಟ. ಜಿ6ಪಿಡಿ ಕೊರತೆ ಇದೆ ಎಂದು ಮಕ್ಕಳ ವೈದ್ಯರು ಯಾರಿಗಾದರೂ ಹೇಳಿದ್ದರೆ, 'ಕುಕಿಯಾ' ಎಂಬ ಹಸಿರು ದೊಡ್ಡ ಕಾಳನ್ನು ಮುಟ್ಟಬಾರದು, ರಕ್ತಕಣಗಳು ಒಡೆಯುತ್ತವೆ. ಇಂಗ್ಲಿಷಿನಲ್ಲಿ ಫಾವಾ ಬೀನ್ಸ್ ಎನ್ನುವುದು ಈ ಕುಕಿಯಾವನ್ನೇ. ಮೇಲೆ ಹೇಳಿದ ಸಾಂಟೊರಿನಿಯ ಫಾವಾ ಬೇರೆ ಕಾಳು. ಹೆಸರಿನಿಂದ ಗೊಂದಲವಾಗುತ್ತದೆಂದೇ ಇದನ್ನು ಬರೆದದ್ದು.

*ಈಗ ವೈನ್ ವಿಷಯ*

ಸಾಂಟೊರಿನಿಯ ದ್ರಾಕ್ಷಿ ತೋಟ ನೋಡಿದರೆ ತೋಟ ಎಂದೇ ಅನ್ನಿಸುವುದಿಲ್ಲ. ಚಪ್ಪರವಿಲ್ಲ, ಕಂಬವಿಲ್ಲ. ಬಳ್ಳಿಯನ್ನು ನೆಲದ ಮೇಲೆಯೇ ಬುಟ್ಟಿಯ ಹಾಗೆ ಸುತ್ತಿ ಬೆಳೆಸುತ್ತಾರೆ, ಗೊಂಚಲು ಬುಟ್ಟಿಯೊಳಗೆ ಬಿಡುತ್ತದೆ. ಬೀಸುವ ಗಾಳಿಯಿಂದ, ಸುಡುವ ಬಿಸಿಲಿನಿಂದ ಅದಕ್ಕೆ ರಕ್ಷಣೆ. ಮಳೆ ತೀರ ಕಡಿಮೆ. ಸಮುದ್ರದ ಮಂಜಿನ ತೇವವನ್ನು ಜ್ವಾಲಾಮುಖಿಯ ಮಣ್ಣು ಹೀರಿ ಇಟ್ಟುಕೊಳ್ಳುತ್ತದೆ. ಅಲ್ಲಿನ ಅಸಿರ್ತಿಕೋ ಎಂಬ ಬಿಳಿ ದ್ರಾಕ್ಷಿಯ ವೈನ್ ಹುಳಿಯಾಗಿ, ನಿಂಬೆಯ ಛಾಯೆಯಲ್ಲಿ ಇರುತ್ತದೆ. ಕುಡಿಯುವ ಅಭ್ಯಾಸ ಇರುವವರಿಗೆ, ಆರೋಗ್ಯವೂ ಸಮ್ಮತಿಸಿದರೆ, ಆ ಊರಿನ ಊಟದ ಜೊತೆ ಆ ಊರಿನ ವೈನಿನ ಒಂದು ಗ್ಲಾಸ್ ರುಚಿ ನೋಡುವುದರಲ್ಲಿ ಒಂದು ಅರ್ಥವಿದೆ. ಅದನ್ನು ಸಂತೋಷಕ್ಕೆ ಕುಡಿಯಿರಿ. ಔಷಧಿ ಎಂದು ಕುಡಿಯಬೇಡಿ.

ಕೆಂಪು ವೈನ್ ಹೃದಯಕ್ಕೆ ಒಳ್ಳೆಯದೆಂಬ ಮಾತು ಜೋರಾಗಿ ಹಬ್ಬಿದ್ದು 1991ರಲ್ಲಿ, ಅಮೆರಿಕದ ಒಂದು ಟಿ.ವಿ. ಕಾರ್ಯಕ್ರಮದಿಂದ. ಸ್ವಲ್ಪ ಕುಡಿಯುವವರಿಗಿಂತ ಕುಡಿಯದವರಲ್ಲೇ ಹೃದಯಕಾಯಿಲೆ ಹೆಚ್ಚು ಎಂದು ಹಲವು ಅಧ್ಯಯನಗಳೂ ಹೇಳಿದವು. ಆದರೆ ಆ 'ಕುಡಿಯದವರ' ಗುಂಪಿನಲ್ಲಿ ಕಾಯಿಲೆ ಬಂದ ಮೇಲೆ ಬಿಟ್ಟವರೂ ಸೇರಿದ್ದರು. ವೈದ್ಯರು ಬೈದ ಮೇಲೆ ಬಿಟ್ಟವರನ್ನು ಲೆಕ್ಕಕ್ಕೆ ಹಿಡಿದು, ಬಿಟ್ಟಿದ್ದರಿಂದಲೇ ಕಾಯಿಲೆ ಎಂದರೆ ಹೇಗೆ? ಈಚೆಗೆ ವಂಶವಾಹಿಗಳ ಆಧಾರದಲ್ಲಿ ನಡೆದ ದೊಡ್ಡ ಅಧ್ಯಯನಗಳಲ್ಲಿ ಆ ಲಾಭ ಕಾಣಲಿಲ್ಲ. ದ್ರಾಕ್ಷಿ ಸಿಪ್ಪೆಯ ರೆಸ್ವೆರಾಟ್ರಾಲ್ ಬಗ್ಗೆಯೂ ಬಹಳ ಹೇಳುತ್ತಾರೆ. ಒಂದು ಲೀಟರ್ ಕೆಂಪು ವೈನಿನಲ್ಲಿ ಅದು ಕೆಲವೇ ಮಿಲಿಗ್ರಾಂ. ಪ್ರಯೋಗಗಳಲ್ಲಿ ಕೊಟ್ಟದ್ದು ನೂರಾರು ಮಿಲಿಗ್ರಾಂ. ಇನ್ನೊಂದು ಕಡೆ, ಮದ್ಯ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 1988ರಲ್ಲೇ ಮೊದಲ ವರ್ಗಕ್ಕೆ ಸೇರಿಸಿತ್ತು. ಹೆಣ್ಣುಮಕ್ಕಳಲ್ಲಿ ಸ್ತನ ಕ್ಯಾನ್ಸರಿನ ಅಪಾಯ ಸ್ವಲ್ಪ ಕುಡಿದರೂ ಸ್ವಲ್ಪ ಏರುತ್ತದೆ. ಪೂರ್ತಿ ಸುರಕ್ಷಿತ ಎನ್ನಬಹುದಾದ ಪ್ರಮಾಣವೇ ಇಲ್ಲ ಎಂದು 2023ರಲ್ಲಿ ಅದೇ ಸಂಸ್ಥೆ ಹೇಳಿತು. ಇದುವರೆಗೆ ಕುಡಿಯದವರು ಆರೋಗ್ಯಕ್ಕೆಂದು ಶುರು ಮಾಡಲು ಒಂದು ಕಾರಣವೂ ಇಲ್ಲ.

ಅಳತೆಯ ಮಾತು. ತವೆರ್ನಾದಲ್ಲಿ ಮನೆಯ ವೈನನ್ನು ಕಿಲೋ ಲೆಕ್ಕದಲ್ಲಿ ಕೊಡುತ್ತಾರೆ. ಅರ್ಧ ಕಿಲೋ ಎಂದರೆ ಅರ್ಧ ಲೀಟರ್ ಹೂಜಿ. ಅದರಲ್ಲಿ 125 ಮಿಲಿಲೀಟರಿನ ನಾಲ್ಕು ಗ್ಲಾಸ್. ಒಂದು ಗ್ಲಾಸ್‌ನಲ್ಲಿ ಸುಮಾರು 13 ಗ್ರಾಂ ಶುದ್ಧ ಮದ್ಯ, ಅದನ್ನು ಕರಗಿಸಲು ಲಿವರಿಗೆ ಒಂದೂವರೆ ಗಂಟೆಯಾದರೂ ಬೇಕು. ಇಬ್ಬರು ಅರ್ಧ ಕಿಲೋ ತರಿಸಿದರೆ ಒಬ್ಬೊಬ್ಬರಿಗೂ ಎರಡು ಗ್ಲಾಸ್, ಗೊತ್ತೇ ಆಗುವುದಿಲ್ಲ. ಊಟ ಮುಗಿದ ಮೇಲೆ ಮಾಲೀಕರು ಪ್ರೀತಿಯಿಂದ ಪುಟ್ಟ ಗ್ಲಾಸ್‌ನಲ್ಲಿ ರಾಕಿಯನ್ನೋ, ಬಿಸಿಲಿಗೆ ಒಣಗಿಸಿದ ದ್ರಾಕ್ಷಿಯ ಸಿಹಿ ವಿನ್ಸಾಂತೋವನ್ನೋ ತಂದಿಡಬಹುದು. ರಾಕಿ ವೈನಿಗಿಂತ ಮೂರು ಪಟ್ಟು ಖಾರ. ವಿನ್ಸಾಂತೋದ ಸಣ್ಣ ಗ್ಲಾಸ್‌ನಲ್ಲೂ ಎರಡು ಚಮಚ ಸಕ್ಕರೆಯಷ್ಟು ಸಿಹಿ ಇರುತ್ತದೆ. ಎದೆಯ ಮೇಲೆ ಕೈಯಿಟ್ಟು ನಗುತ್ತ 'ಎಫ್ಖಾರಿಸ್ತೋ' ಎಂದು ಧನ್ಯವಾದ ಹೇಳಿ, ಬೇಡವೆಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಹಳೆಯ ಗ್ರೀಕರು ವೈನಿಗೆ ನೀರು ಬೆರೆಸದೆ ಕುಡಿಯುವುದನ್ನು ಒರಟುತನ ಎಂದೇ ತಿಳಿಯುತ್ತಿದ್ದರು. ಇಂದಿನ ಗ್ರೀಕ್‌ನಲ್ಲಿ ವೈನಿಗಿರುವ 'ಕ್ರಾಸಿ' ಎಂಬ ಪದವೂ ಬೆರೆಸು ಎಂಬುದರಿಂದಲೇ ಬಂದದ್ದು. ನೀವೂ ನೀರು, ಸೋಡಾ ಬೆರೆಸಿಕೊಂಡರೆ ನಾಚಿಕೆಯೇನಿಲ್ಲ.

*ಅಪ್ಪನಿಗೆ ಏರಿದೆ ಎಂದುಕೊಳ್ಳುವ ಮುಂಚೆ*

ಮನೆಯವರೆಲ್ಲ ಕೂತು ಓದಬೇಕಾದದ್ದು ಈ ಭಾಗ.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಗ್ಲಿಬೆನ್‌ಕ್ಲಮೈಡ್ ತೆಗೆದುಕೊಳ್ಳುವವರಿಗೆ ಮದ್ಯದಿಂದ ಶುಗರ್ ಇಳಿದುಬಿಡುವ ಅಪಾಯವಿದೆ. ನಾವು ಊಟ ಮಾಡದೆ ಇದ್ದಾಗ ಲಿವರ್ ತಾನೇ ಸಕ್ಕರೆ ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಹೊಟ್ಟೆಯಲ್ಲಿ ಮದ್ಯ ಇದ್ದರೆ ಲಿವರ್ ಅದನ್ನು ಕರಗಿಸುವುದರಲ್ಲೇ ತೊಡಗಿ ಸಕ್ಕರೆಯ ಕೆಲಸ ನಿಲ್ಲಿಸುತ್ತದೆ. ಮಾತ್ರೆ ಮಾತ್ರ ತನ್ನ ಪಾಡಿಗೆ ಶುಗರ್ ಇಳಿಸುತ್ತಲೇ ಇರುತ್ತದೆ. ಕುಡಿದ ಕೂಡಲೇ ಅಲ್ಲ, ಗಂಟೆಗಳ ನಂತರ, ರಾತ್ರಿ ನಿದ್ದೆಯಲ್ಲಿ ಅಥವಾ ಮರುದಿನ ಬೆಳಿಗ್ಗೆ ಇದು ಆಗಬಹುದು. ಹಗಲು ಎರಡು ಗಂಟೆ ಈಜಿದ್ದರೆ ಇನ್ನೂ ಬೇಗ.

ಆಗ ಕಾಣುವ ಲಕ್ಷಣಗಳು: ಬೆವರು, ನಡುಕ, ತೊದಲು ಮಾತು, ತೂರಾಟ, ಕಾರಣವಿಲ್ಲದ ಸಿಟ್ಟು, ಮಂಪರು. ನೋಡಿದವರಿಗೆ ಕುಡಿದ ಹಾಗೇ ಕಾಣುತ್ತದೆ. "ಅಪ್ಪನಿಗೆ ಸ್ವಲ್ಪ ಏರಿದೆ, ಮಲಗಲಿ ಬಿಡು" ಎಂದು ಕ್ಯಾಬಿನ್ ಬಾಗಿಲು ಹಾಕಿಬಿಟ್ಟರೆ ಬೆಳಿಗ್ಗೆ ಎಬ್ಬಿಸಲು ಆಗದೆ ಹೋಗಬಹುದು. ಲಂಗರು ಹಾಕಿದ ಕೊಲ್ಲಿಯಿಂದ ಆಸ್ಪತ್ರೆ ಎಷ್ಟು ಗಂಟೆಯ ದಾರಿ ಎಂದು ನೀವೇ ಯೋಚಿಸಿ.

ಹಾಗಾಗಿ ಅನುಮಾನ ಬಂದ ಕೂಡಲೇ ಗ್ಲುಕೋಮೀಟರ್‌ನಲ್ಲಿ ನೋಡಿ. 70ಕ್ಕಿಂತ ಕಡಿಮೆ ಇದ್ದರೆ ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಕಲಸಿ ಕುಡಿಸಿ. 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರಿಲ್ಲದಿದ್ದರೆ ಇನ್ನೊಮ್ಮೆ ಕೊಡಿ. ಏರಿದ ಮೇಲೆ ಬ್ರೆಡ್ಡೋ ಬಿಸ್ಕತ್ತೋ ತಿನ್ನಿಸಿ. ಮೀಟರ್ ಕೈಗೆ ಸಿಗದಿದ್ದರೆ ಹುಡುಕುತ್ತ ಕೂರಬೇಡಿ, ಮೊದಲು ಸಕ್ಕರೆ ಕೊಡಿ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬಾರದು. ಒಂದು ಮಗ್ಗುಲಿಗೆ ಮಲಗಿಸಿ, ಕ್ಯಾಪ್ಟನ್ನನ್ನು ಎಬ್ಬಿಸಿ.

"ನಮ್ಮದು ಬರೀ ಮೆಟ್‌ಫಾರ್ಮಿನ್" ಎನ್ನುವವರು ಒಮ್ಮೆ ಪಟ್ಟಿಯ ಹಿಂಬದಿ ಓದಿ. ನಮ್ಮಲ್ಲಿ ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಎರಡೂ ಸೇರಿರುವ ಮಾತ್ರೆಯೇ ಬಹಳ ಮಾರಾಟವಾಗುವುದು. ಇನ್ನು ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುವವರಿಗೆ ಬೇರೆ ಅಪಾಯ: ನೀರು ಕಡಿಮೆಯಾಗಿ, ಊಟ ಸೇರದೆ, ಮೇಲೆ ಮದ್ಯವೂ ಬಿದ್ದರೆ ರಕ್ತದಲ್ಲಿ ಆಮ್ಲ ಏರಬಹುದು. ವಾಂತಿ, ಹೊಟ್ಟೆನೋವು, ಜೋರು ಉಸಿರಾಟ ಅದರ ಲಕ್ಷಣ. ಶುಗರ್ ಅಷ್ಟೇನೂ ಹೆಚ್ಚಿರುವುದಿಲ್ಲ. ಯಾಟ್‌ನಲ್ಲಿ ಎಲ್ಲರೂ ಇದನ್ನು ಸಮುದ್ರದ ವಾಕರಿಕೆ ಎಂದೇ ತಿಳಿಯುತ್ತಾರೆ. ವಾಂತಿಯಾಗಿ ಊಟ ಸೇರದ ದಿನ ಆ ಮಾತ್ರೆ ನಿಲ್ಲಿಸಬೇಕೇ ಎಂದು ಹೊರಡುವ ಮುಂಚೆಯೇ ನಿಮ್ಮ ವೈದ್ಯರನ್ನು ಕೇಳಿ ಬರೆಸಿಕೊಳ್ಳಿ. ಯಾವ ಮಾತ್ರೆಯನ್ನೂ ನೀವಾಗಿಯೇ ಬಿಡುವುದಾಗಲಿ, ವೈನ್ ಕುಡಿಯಲೆಂದು ಒಂದು ಡೋಸ್ ತಪ್ಪಿಸುವುದಾಗಲಿ ಬೇಡ.

ವಾಕರಿಕೆಗೆ ತೆಗೆದುಕೊಳ್ಳುವ ಅವೋಮಿನ್‌ನಂಥ ಮಾತ್ರೆಗಳು ನಿದ್ದೆ ತರಿಸುತ್ತವೆ. ಮದ್ಯದ ಜೊತೆ ಸೇರಿದರೆ ಎರಡು ಪಟ್ಟು. ನಿದ್ದೆ ಮಾತ್ರೆಯದೂ ಅದೇ ಕಥೆ. ಮೆಟ್ರೋನಿಡಜೋಲ್ ನಡೆಯುತ್ತಿದ್ದರೆ, ಮುಗಿದು ಮೂರು ದಿನದವರೆಗೂ ವೈನ್ ಬೇಡ. ಸ್ಕ್ಯಾನ್ ವರದಿಯಲ್ಲಿ ಫ್ಯಾಟಿ ಲಿವರ್ ಎಂದಿದ್ದವರು, ಗರ್ಭಿಣಿಯರು, ಮಕ್ಕಳು, ಹಿಂದೆ ಕುಡಿತ ಬಿಡಿಸಿಕೊಂಡವರು ಲಿಂಬು ಸೋಡಾ ಹಿಡಿದು ಗ್ಲಾಸ್ ತಾಗಿಸಲಿ. ಅಲ್ಲಿ ಗ್ಲಾಸ್ ತಾಗಿಸುವಾಗ ಹೇಳುವ 'ಯಾಮಾಸ್' ಎಂಬ ಮಾತಿಗೆ ನಮ್ಮ ಆರೋಗ್ಯಕ್ಕೆ ಎಂದೇ ಅರ್ಥ.

*ಯಾಟ್ ಮೇಲೆ*

ಬೆಳಿಗ್ಗೆಯಿಂದ ಲಂಗರು ಬೀಳುವವರೆಗೆ ಯಾರೂ ಕುಡಿಯುವುದು ಬೇಡ. ಬಿಸಿಲು, ಗಾಳಿ, ಉಪ್ಪುನೀರು ಸೇರಿ ದೇಹದ ನೀರು ಗೊತ್ತಾಗದಂತೆ ಹೋಗುತ್ತದೆ, ಮದ್ಯ ಮೂತ್ರ ಹೆಚ್ಚಿಸಿ ಇನ್ನಷ್ಟು ಕಳೆಯುತ್ತದೆ. ಬಿ.ಪಿ.ಗೆ ನೀರು ಮಾತ್ರೆ ನುಂಗುವವರು ಎದ್ದು ನಿಂತಾಗ ತಲೆ ತಿರುಗಿ ಬೀಳುವುದು ಹೀಗೇ. ಬಹಳ ಸಣ್ಣ ದ್ವೀಪಗಳಲ್ಲಿ ನಲ್ಲಿ ನೀರು ಉಪ್ಪಾಗಿರುತ್ತದೆ, ಕುಡಿಯಲು ಬಾಟಲಿ ನೀರನ್ನೇ ತುಂಬಿಕೊಳ್ಳಿ. ಮಜ್ಜಿಗೆ ಮಾಡಿಕೊಳ್ಳಲು ಮೊಸರು ಹೇಗೂ ಇದೆ. ಕುಡಿದ ಮೇಲೆ ಈಜು ಬೇಡವೇ ಬೇಡ.

ಎಲ್ಲಕ್ಕಿಂತ ಅಪಾಯದ ಹೊತ್ತು ಊಟ ಮುಗಿಸಿ ರಾತ್ರಿ ಯಾಟ್‌ಗೆ ಮರಳುವಾಗ. ಕತ್ತಲು, ಒದ್ದೆ ಕಟ್ಟೆ, ಅಲುಗಾಡುವ ಪುಟ್ಟ ರಬ್ಬರ್ ದೋಣಿ ಅಥವಾ ಒಂದು ಹಲಗೆಯ ಸೇತುವೆ. ಹಿರಿಯರಿಗೆ ಲೈಫ್ ಜಾಕೆಟ್ ತೊಡಿಸಿ, ಟಾರ್ಚ್ ಹಿಡಿದು, ಮೊದಲು ಕುಡಿಯದವರೊಬ್ಬರು ಹತ್ತಿ ಕೈ ಕೊಡಲಿ. ದೋಣಿ ನಡೆಸುವವರು ಆ ರಾತ್ರಿ ಒಂದು ಹನಿಯೂ ಮುಟ್ಟಿರಬಾರದು. ಇದನ್ನು ಊಟಕ್ಕೆ ಹೋಗುವ ಮುಂಚೆಯೇ ತೀರ್ಮಾನಿಸಿ.

ಜುಲೈ, ಆಗಸ್ಟ್‌ನಲ್ಲಿ ಏಜಿಯನ್ ಸಮುದ್ರದಲ್ಲಿ ಮೆಲ್ತೆಮಿ ಎಂಬ ಉತ್ತರ ಗಾಳಿ ಜೋರಾಗಿ ಬೀಸುತ್ತದೆ. ಹಿರಿಯರು ಜೊತೆಗಿದ್ದರೆ ಅಥೆನ್ಸ್ ಹತ್ತಿರದ ಈಜಿನಾ, ಪೋರೋಸ್, ಹೈಡ್ರಾ ಕಡೆಯೋ, ಪಶ್ಚಿಮದ ಕಾರ್ಫು, ಲೆಫ್ಕಾದಾ ಕಡೆಯೋ ಆರಿಸಿಕೊಳ್ಳಿ, ಅಲೆ ಕಡಿಮೆ. ಇನ್ಸುಲಿನ್ ಫ್ರಿಜ್‌ನ ಹಿಮಗಟ್ಟುವ ತಟ್ಟೆಗೆ ತಾಗದಿರಲಿ, ಬಿಸಿ ಕ್ಯಾಬಿನ್‌ನಲ್ಲೂ ಇರದಿರಲಿ. ಮಾತ್ರೆಗಳನ್ನು ಎರಡು ಪಾಲು ಮಾಡಿ ಇಬ್ಬರ ಬ್ಯಾಗಿನಲ್ಲಿಡಿ, ವೈದ್ಯರ ಚೀಟಿಯಲ್ಲಿ ಕಂಪನಿ ಹೆಸರಿನ ಬದಲು ಔಷಧದ ಹೆಸರಿರಲಿ. ತುರ್ತಿಗೆ ಅಲ್ಲೂ 112. ಆಂಬುಲೆನ್ಸ್ 166. ನಮ್ಮೂರಿನ ಅಭ್ಯಾಸದಲ್ಲಿ 108 ಒತ್ತಿದರೆ ಅಲ್ಲಿ ಕೋಸ್ಟ್ ಗಾರ್ಡ್‌ಗೆ ಹೋಗುತ್ತದೆ. ಸಮುದ್ರದ ಮಧ್ಯೆ ಇದ್ದಾಗ ಬೇಕಾದದ್ದೂ ಅದೇ.

*ಹೋಗದವರಿಗೂ, ಹೋಗಿ ಬಂದವರಿಗೂ*

ಈ ಊಟಕ್ಕೆ ಗ್ರೀಸ್‌ವರೆಗೆ ಹೋಗಲೇಬೇಕೆಂದಿಲ್ಲ. ದುಬಾರಿ ಆಲಿವ್ ಎಣ್ಣೆಯೂ ಬೇಕೆಂದಿಲ್ಲ. ನಮ್ಮ ಶೇಂಗಾ ಎಣ್ಣೆಯಲ್ಲೂ ಸುಮಾರು ಅರ್ಧದಷ್ಟು ಆಲಿವ್ ಎಣ್ಣೆಯಲ್ಲಿರುವ ಬಗೆಯ ಕೊಬ್ಬೇ ಇದೆ. ಆದರೆ ಯಾವ ಎಣ್ಣೆಯಾದರೂ ಒಂದು ದೊಡ್ಡ ಚಮಚಕ್ಕೆ 120 ಕ್ಯಾಲೊರಿ. ದಿನದ ಎಣ್ಣೆಯ ಬದಲಿಗೆ ಹಾಕಿ, ಅದರ ಮೇಲೆ ಹಾಕಬೇಡಿ.

ಸಿಫ್ನೋಸ್‌ನ ಕಡಲೆಯನ್ನು ಮನೆಯಲ್ಲೇ ಮಾಡಿ. ಕಾಲು ಕಿಲೋ ಕಾಬೂಲಿ ಕಡಲೆಯನ್ನು ರಾತ್ರಿ ನೆನೆಹಾಕಿ. ಬೆಳಿಗ್ಗೆ ನೀರು ಬಸಿದು, ಉದ್ದಕ್ಕೆ ಹೆಚ್ಚಿದ ಎರಡು ದೊಡ್ಡ ಈರುಳ್ಳಿ, ನಾಲ್ಕು ದೊಡ್ಡ ಚಮಚ ಎಣ್ಣೆ, ಎರಡು ಪಲಾವ್ ಎಲೆ, ಕಡಲೆ ಮುಳುಗಿ ಎರಡು ಬೆರಳು ಮೇಲೆ ನಿಲ್ಲುವಷ್ಟು ನೀರು ಹಾಕಿ. ಖಾರದ ಪುಡಿ, ಮಸಾಲೆ, ಟೊಮೆಟೊ ಯಾವುದೂ ಬೇಡ. ಮೊದಲ ಸಲವಾದರೂ ಕೈ ತಡೆಯಿರಿ. ಕುಕ್ಕರ್‌ನಲ್ಲಿ ಒಂದು ಸೀಟಿ ಬಂದ ಮೇಲೆ ಸಣ್ಣ ಉರಿಯಲ್ಲಿ 25 ನಿಮಿಷ ಇಡಿ. ಮುಚ್ಚಳ ತೆಗೆದು ಉಪ್ಪು ಹಾಕಿ, ಈರುಳ್ಳಿ ಕರಗಿ ರಸ ಗಟ್ಟಿಯಾಗುವವರೆಗೆ ಇನ್ನೊಂದು ಅರ್ಧ ಗಂಟೆ ಕುದಿಸಿ. ಜೊತೆಗೆ ಬೇಯಿಸಿದ ದಂಟಿನ ಸೊಪ್ಪು, ಜೋಳದ ರೊಟ್ಟಿ. ನಿಂಬೆರಸವನ್ನು ಪಾತ್ರೆಗೆ ಹಿಂಡಬೇಡಿ, ಬಡಿಸಿದ ಮೇಲೆ ತಟ್ಟೆಗೆ ಹಿಂಡಿಕೊಳ್ಳಿ.